ಮೆಟ್ಟಿಲಿದ್ದ ಮನೆ: ಕಿಂಗ್ ಹೆನ್ರೀಸ್ ರಸ್ತೆ, ನಂಬರ್ 10

1

ನಮ್ಮಲ್ಲಿ ಮನೆಗಳ ಚರಿತ್ರೆ ಬರೆಯುವುದಕ್ಕೆ ಒಂದು ರೂಢಿ ಬಿದ್ದುಹೋಗಿದೆ. ವಾಡೆಯೋ, ಗುತ್ತಿನ ಮನೆಯೋ, ತೊಟ್ಟಿಮನೆಯೋ, ಬ್ರಿಟಿಷರ ಕಾಲದ ಬಂಗಲೆಯೋ ಯಾವುದನ್ನು ತಗೊಂಡರೂ ಕಟ್ಟಿಸಿದವರ ವಂಶಾವಳಿ ಮೊದಲು ಬರುತ್ತದೆ. ಆಮೇಲೆ ಕಂಬದ ಕೆತ್ತನೆ, ಬಾಗಿಲಿನ ಹೂಬಳ್ಳಿ, ತೇಗದ ಮರ ಎಲ್ಲಿಂದ ಬಂತು, ಯಾವ ದೊರೆ ಬಂದು ಉಂಡು ಹೋದ ಇತ್ಯಾದಿ. ಆ ಮನೆಯ ಅಂಗಳದಲ್ಲಿ ಯಾವ ಗೆರೆಯ ತನಕ ಯಾರು ಬರಬಹುದಿತ್ತು, ಹಿತ್ತಲ ಬಾಗಿಲು ಯಾರಿಗೆ, ಜೀತದಾಳು ಎಲ್ಲಿ ಕೂತು ಉಂಡ, ಅವನ ತಟ್ಟೆ ಎಲ್ಲಿ ಸಿಕ್ಕಿಸಿಟ್ಟಿರುತ್ತಿದ್ದರು ಅನ್ನುವುದು ಆ ಚರಿತ್ರೆಯಲ್ಲಿ ಇರುವುದಿಲ್ಲ. ಕಟ್ಟಿಸಿದವನ ಹೆಸರು ಉಳಿಯುತ್ತದೆ, ಕಟ್ಟಿದವನ ಹೆಸರು ಉಳಿಯುವುದಿಲ್ಲ ಅಂತ ಹಳಹಳಿಸುವುದೂ ಈಗ ಸಲೀಸಾದ ಮಾತಾಗಿಬಿಟ್ಟಿದೆ. ನನಗೆ ಅಷ್ಟು ಸಾಲದು. ಮನೆಯೊಂದು ಯಾರನ್ನು ಯಾವ ಶರತ್ತಿನ ಮೇಲೆ ಒಳಗೆ ಬಿಟ್ಟುಕೊಂಡಿತು, ಒಳಗೆ ಹೋದವನು ಅಲ್ಲಿ ಕೂತು ಏನು ಮಾಡಿದ ಎಂಬ ಎರಡು ಪ್ರಶ್ನೆ ಇಟ್ಟುಕೊಂಡು ಒಂದು ಮನೆಯನ್ನು ಓದಬಹುದೇ ನೋಡೋಣ ಅಂತ ಈ ಬರಹ.

ಮನೆ ನಮ್ಮ ಸೀಮೆಯದಲ್ಲ. ಲಂಡನ್ನಿನ ಉತ್ತರಕ್ಕೆ ಪ್ರಿಮ್‌ರೋಸ್ ಹಿಲ್ ಎಂಬ ಗುಡ್ಡದ ಹತ್ತಿರ ಇರುವ ಕಿಂಗ್ ಹೆನ್ರೀಸ್ ರಸ್ತೆಯ 10ನೇ ನಂಬರಿನ ಮನೆ ಅದು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ಅಂದರೆ 1837ರಿಂದ 1901ರ ನಡುವೆ, ಆ ಶಹರ ಊದಿಕೊಂಡು ಬೆಳೆದಾಗ ಅಕ್ಕಪಕ್ಕದ ಗೋಡೆ ಹಂಚಿಕೊಂಡು ಸಾಲುಸಾಲಾಗಿ ಎದ್ದ ಮಹಡಿ ಮನೆಗಳಲ್ಲಿ ಒಂದು. 1921–22ರಲ್ಲಿ ಅಲ್ಲಿ ಒಬ್ಬ ವಿದ್ಯಾರ್ಥಿ ಬಾಡಿಗೆಗಿದ್ದರು. ಅವರೇ ಭೀಮರಾವ್ ರಾಮಜಿ ಅಂಬೇಡ್ಕರ್.

ಈ ಮನೆಯನ್ನು ಓದಲು ಬೇಕಾದ ಕೀಲಿಕೈಯನ್ನು ಅಂಬೇಡ್ಕರ್ ಅವರೇ ಅದಕ್ಕೆ ಸ್ವಲ್ಪ ಮುಂಚೆ ಕೊಟ್ಟಿದ್ದರು. 1920ರ ಜನವರಿ 31ರಂದು ‘ಮೂಕನಾಯಕ’ ಪತ್ರಿಕೆ ಶುರುವಾಯಿತು. ಅದರ ಮೊದಲ ಸಂಚಿಕೆಯಲ್ಲೇ ಹಿಂದೂ ಸಮಾಜವನ್ನು ಅವರು ಒಂದು ಗೋಪುರಕ್ಕೆ ಹೋಲಿಸಿದರು. ಒಂದೊಂದು ಜಾತಿಯೂ ಅದರ ಒಂದೊಂದು ಅಂತಸ್ತು. ಆದರೆ ಅಂತಸ್ತಿನಿಂದ ಅಂತಸ್ತಿಗೆ ಮೆಟ್ಟಿಲೇ ಇಲ್ಲ. ಹುಟ್ಟಿದ ಅಂತಸ್ತಿನಲ್ಲೇ ಸಾಯಬೇಕು, ಕೆಳಗಿನವನು ಎಷ್ಟೇ ಯೋಗ್ಯನಾದರೂ ಮೇಲಕ್ಕೆ ಬರುವಂತಿಲ್ಲ, ಮೇಲಿನವನು ಎಷ್ಟೇ ಅಯೋಗ್ಯನಾದರೂ ಕೆಳಗಿಳಿಸುವಂತಿಲ್ಲ. ಇದನ್ನು ಬರೆದ ವರ್ಷವೇ ಜುಲೈನಲ್ಲಿ ಅವರು ಲಂಡನ್ನಿಗೆ ಹಡಗು ಹತ್ತಿದರು. ಆಮೇಲೆ ಇದ್ದದ್ದು ಮೆಟ್ಟಿಲುಗಳೇ ಮುಖ್ಯವಾದ ಒಂದು ಮನೆಯಲ್ಲಿ. ಆದ್ದರಿಂದ ನಾನೂ ಮೆಟ್ಟಿಲನ್ನೇ ಹಿಡಿದು ಹೋಗುತ್ತೇನೆ.

2

ಮೊದಲು ನೆಲ. ಆ ರಸ್ತೆ ಇರುವ ಜಾಗದ ಹಳೆಯ ಹೆಸರು ಚಾಲ್ಕಾಟ್ಸ್. ಹತ್ತಿರದ ಚಾಕ್ ಫಾರ್ಮ್ ಎಂಬ ಹೆಸರೂ ಅದರಿಂದಲೇ ಬಂದದ್ದು. ಮಧ್ಯಯುಗದಲ್ಲಿ ಈ ನೆಲ ಸೇಂಟ್ ಜೇಮ್ಸ್ ಎಂಬ ಆಸ್ಪತ್ರೆಯ ಸ್ವತ್ತಾಗಿತ್ತು. ಅದು ಕುಷ್ಠರೋಗದ ಹೆಣ್ಣುಮಕ್ಕಳನ್ನು ಊರಿನಿಂದ ಹೊರಗಿಟ್ಟು ಸಾಕುತ್ತಿದ್ದ ಆಸ್ಪತ್ರೆ. ಅವರ ಅನ್ನಕ್ಕೆ ಈ ಹೊಲಗಳ ಹುಟ್ಟುವಳಿ ಆಗಬೇಕಿತ್ತು. 1449ರಲ್ಲಿ ಆರನೇ ಹೆನ್ರಿ ದೊರೆ ಈ ಆಸ್ಪತ್ರೆಯನ್ನೂ ಅದರ ಆಸ್ತಿಯನ್ನೂ ಈಟನ್ ಶಾಲೆಗೆ ಒಪ್ಪಿಸಿದ. ಆ ಶಾಲೆಯನ್ನು ಅವನೇ 1440ರಲ್ಲಿ ಕಟ್ಟಿಸಿದ್ದ, ಅದೂ 70 ಜನ ಬಡಹುಡುಗರಿಗೆ ಅಂತ. ಮುಂದೆ 1531ರಲ್ಲಿ ಎಂಟನೇ ಹೆನ್ರಿ ಆಸ್ಪತ್ರೆಯ ಜಾಗ ತಗೊಂಡು ಅಲ್ಲಿ ತನಗೊಂದು ಅರಮನೆ ಕಟ್ಟಿಸಿಕೊಂಡ. ಅದೇ ಸೇಂಟ್ ಜೇಮ್ಸ್ ಅರಮನೆ. ಚಾಲ್ಕಾಟ್ಸ್ ಹೊಲ ಮಾತ್ರ ಈಟನ್ನಿನ ಕೈಯಲ್ಲೇ ಉಳಿಯಿತು. ಬಡಹುಡುಗರ ಶಾಲೆ ಹೋಗಹೋಗುತ್ತ ಇಂಗ್ಲೆಂಡಿನ ಶ್ರೀಮಂತರ ಮಕ್ಕಳ ಶಾಲೆಯಾಯಿತು. ರಸ್ತೆಗೆ ದಾನ ಕೊಟ್ಟ ದೊರೆಯ ಹೆಸರು ಬಂತು. ಕುಷ್ಠರೋಗದ ಹೆಂಗಸರ ಹೆಸರಿನ ರಸ್ತೆ ಎಲ್ಲಿಯೂ ಇಲ್ಲ.

ಇದನ್ನು ಓದುವಾಗ ನಮಗೆ ನಮ್ಮ ತಳವಾರಿಕೆ, ತೋಟಿ ಇನಾಮು ಜಮೀನುಗಳ ಕತೆ ನೆನಪಿಗೆ ಬರುವುದು ಸಹಜ. ಊರ ಸೇವೆಗೆ ಅಂತ ಕೇರಿಯವರಿಗೆ ಬಿಟ್ಟ ಹೊಲ ಯಾವ ಯಾವ ಕಾಗದದ ಮೂಲಕ ಯಾರ ಹೆಸರಿಗೆ ಹೋಯಿತು ಎಂಬುದನ್ನು ನಮ್ಮ ಹಿರಿಯರು ಬಲ್ಲರು. ಆದರೆ ಎರಡೂ ಒಂದೇ ಅನ್ನುವ ಅವಸರ ಬೇಡ. ಕುಷ್ಠ ಹಿಡಿದವಳು ರೋಗದಿಂದ ಹೊರಗಾದವಳು, ಅವಳ ಮಗಳು ಹುಟ್ಟಿನಿಂದಲೇ ಹೊರಗಲ್ಲ.

ಈಟನ್ ಶಾಲೆ 1826ರಲ್ಲಿ ಪಾರ್ಲಿಮೆಂಟಿನಿಂದ ಒಂದು ಕಾಯಿದೆ ಮಾಡಿಸಿಕೊಂಡು ಹೊಲವನ್ನು 99 ವರ್ಷದ ಗುತ್ತಿಗೆಗೆ ಕೊಟ್ಟು ಮನೆ ಕಟ್ಟಿಸುವ ಅಧಿಕಾರ ಪಡೆಯಿತು. 1837ರಲ್ಲಿ ಲಂಡನ್–ಬರ್ಮಿಂಗ್‌ಹ್ಯಾಮ್ ರೈಲು ಇದೇ ನೆಲದಡಿಯಲ್ಲಿ ಹಾದುಹೋಯಿತು. ಮೇಲಿನ ಮನೆ ಸೈಟುಗಳ ಬೆಲೆ ಇಳಿಯಬಾರದು ಅಂತ ರೈಲನ್ನು ಸುರಂಗದಲ್ಲಿ ಹಾಯಿಸಿದರು. ಡೆವನ್ ಕಡೆಯಿಂದ ಬಂದ ಸ್ಯಾಮ್ಯುಯೆಲ್ ಕಮಿಂಗ್ ಎಂಬ ಬಡಗಿ ಈ ಎಸ್ಟೇಟಿನ ಮೊದಲ ದಶಕಗಳ ದೊಡ್ಡ ಬಿಲ್ಡರ್ ಆದ. ಹೀಗೆ ನೆಲ ಒಬ್ಬರದು, ಗುತ್ತಿಗೆ ಇನ್ನೊಬ್ಬರದು, ಮನೆ ನಡೆಸುವವರು ಮತ್ತೊಬ್ಬರು, ಎಲ್ಲರ ಕೆಳಗೆ ವಾರಕ್ಕಿಷ್ಟು ಅಂತ ಕೊಟ್ಟು ಕೋಣೆಯಲ್ಲಿರುವ ಬಾಡಿಗೆದಾರ. ಒಂದು ಬಾಗಿಲಿಗೆ ಎಷ್ಟು ಜನ ಯಜಮಾನರು ನೋಡಿ.

3

ಇನ್ನು ಮನೆಯ ಒಳಗೆ ಹೋಗೋಣ. ಆ ಕಾಲದ ಲಂಡನ್ನಿನ ಮಧ್ಯಮ ವರ್ಗದ ಸಾಲುಮನೆಗಳಿಗೆ ಒಂದು ಸಾಮಾನ್ಯ ನಕ್ಷೆ ಇದೆ. ನೆಲಮಟ್ಟಕ್ಕಿಂತ ಕೆಳಗೆ ಅಡುಗೆಮನೆ, ಪಾತ್ರೆ ತೊಳೆಯುವ ಜಾಗ, ಕಲ್ಲಿದ್ದಲು ಸುರಿಯುವ ಗೂಡು. ಅದಕ್ಕೆ ಬೀದಿಯಿಂದ ಕೆಳಗಿಳಿಯುವ ಬೇರೆ ಮೆಟ್ಟಿಲು. ಮುಂಬಾಗಿಲಿಗೆ ಮೇಲೆ ಹತ್ತುವ ನಾಲ್ಕು ಮೆಟ್ಟಿಲು. ಅದರ ಮೇಲೆ ಬಂದವರನ್ನು ಕೂರಿಸುವ ಪಡಸಾಲೆ, ಊಟದ ಕೋಣೆ. ಇನ್ನೂ ಮೇಲೆ ಮಲಗುವ ಕೋಣೆಗಳು. ತೀರ ಮೇಲೆ, ಹೆಂಚಿನಡಿ, ಕೆಲಸದ ಹುಡುಗಿಯ ಮಂಚ. ಅವಳು ಬೆಳಕು ಹರಿಯುವ ಮುಂಚೆ ಎದ್ದು ಎಲ್ಲರ ಒಲೆಗೂ ಇದ್ದಲು ಹೊತ್ತು ಹತ್ತಬೇಕು, ಬೂದಿ ಹೊತ್ತು ಇಳಿಯಬೇಕು. 1891ರ ಜನಗಣತಿಯ ಹೊತ್ತಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮನೆಗೆಲಸದ ಹೆಂಗಸರು 13 ಲಕ್ಷಕ್ಕೂ ಹೆಚ್ಚು ಇದ್ದರು. ವಿಕ್ಟೋರಿಯಾ ಕಾಲದ ಮನೆಯ ಮರ್ಯಾದೆ, ಗಾಂಭೀರ್ಯ, ಬಿಳಿ ಪರದೆ ಎಲ್ಲವೂ ಈ ಹೆಂಗಸರ ಮೊಣಕಾಲಿನ ಮೇಲೆ ನಿಂತಿದ್ದವು.

ಆಗಿನ ಇಂಗ್ಲೆಂಡ್ ತನ್ನೊಳಗಿನ ಈ ಮೇಲುಕೀಳನ್ನು ಮುಚ್ಚಿಡಲಿಲ್ಲ. ಚಾರ್ಲ್ಸ್ ಬೂತ್ ಎಂಬಾತ 1889ರಿಂದ ಲಂಡನ್ನಿನ ಬಡತನದ ನಕ್ಷೆಗಳನ್ನು ಪ್ರಕಟಿಸಿದ. ಅದರಲ್ಲಿ ಒಂದೊಂದು ಬೀದಿಗೂ ಬಣ್ಣ. ಸಿರಿವಂತರ ಬೀದಿಗೆ ಹಳದಿ, ತೀರ ಕೆಳಗಿನವರ ಬೀದಿಗೆ ಕಪ್ಪು. ಆ ಕಪ್ಪು ಬೀದಿಯವರನ್ನು ಕೇಡಿಗಳು, ಅರೆ ಅಪರಾಧಿಗಳು ಅಂತಲೇ ಅವನು ಕರೆದ. ಬಣ್ಣ ಹಚ್ಚುವ ಕೈ ಯಾರದು ಎಂಬ ಪ್ರಶ್ನೆ ಅಲ್ಲಿಯೂ ಏಳುತ್ತದೆ. ಇದೇ ಪ್ರಿಮ್‌ರೋಸ್ ಹಿಲ್‌ನ ರೀಜೆಂಟ್ಸ್ ಪಾರ್ಕ್ ರಸ್ತೆಯ 122ನೇ ನಂಬರಿನಲ್ಲಿ 1870ರಿಂದ 1894ರ ತನಕ ಫ್ರೆಡ್ರಿಕ್ ಎಂಗೆಲ್ಸ್ ವಾಸವಾಗಿದ್ದ. ವರ್ಗದ ಬಗ್ಗೆ ಜಗತ್ತಿಗೇ ಪಾಠ ಹೇಳಿದವನ ಮನೆ ಇಂಥದೇ ಮಹಡಿ ಮನೆ.

ನಮ್ಮ ಕೆಲವು ಗೆಳೆಯರು ಇಲ್ಲಿಗೆ ಬಂದು ನಿಂತುಬಿಡುತ್ತಾರೆ. ‘ನೋಡಿ, ಅಲ್ಲೂ ಇತ್ತಲ್ಲ, ಎಲ್ಲ ಕಡೆ ಇದ್ದದ್ದೇ’ ಅನ್ನುತ್ತಾರೆ. ಜಾತಿಯನ್ನು ವರ್ಗದೊಳಗೆ ಕರಗಿಸಿ ಕೈತೊಳೆದುಕೊಳ್ಳುವ ಉಪಾಯ ಇದು. ಆದರೆ ಮೆಟ್ಟಿಲನ್ನು ನೋಡಿ. ಆ ಕೆಲಸದ ಹುಡುಗಿ ಯಜಮಾನನ ಅಡುಗೆಯನ್ನು ತಾನೇ ಮಾಡುತ್ತಿದ್ದಳು, ಅವನ ಹಾಸಿಗೆಯನ್ನು ತಾನೇ ಹಾಸುತ್ತಿದ್ದಳು. ಅವಳ ದುಡಿಮೆಯನ್ನು ಹೀರಿದರು, ಅವಳ ಮುಟ್ಟನ್ನು ಮೈಲಿಗೆ ಅನ್ನಲಿಲ್ಲ. ಮನೆಗೆ ಎರಡು ಬಾಗಿಲಿದ್ದರೂ ಮೆಟ್ಟಿಲು ಒಳಗಿನಿಂದ ಕೂಡಿಕೊಂಡಿದ್ದವು. ಮೊದಲ ಮಹಾಯುದ್ಧ ಬಂದಾಗ ಇಂಥ ಎಷ್ಟೋ ಹುಡುಗಿಯರು ಮನೆಗೆಲಸ ಬಿಟ್ಟು ಕಾರ್ಖಾನೆ ಸೇರಿದರು. ಮೆಟ್ಟಿಲು ಕಡಿದಾಗಿತ್ತು, ಆದರೆ ಇತ್ತು. ‘ಮೂಕನಾಯಕ’ದ ಗೋಪುರದಲ್ಲಿ ಇಲ್ಲದಿದ್ದದ್ದು ಅದೇ.

4

ಯುದ್ಧ ಮುಗಿದ ಮೇಲೆ ಆಳುಕಾಳಿನ ಮನೆಗಳನ್ನು ನಡೆಸುವುದು ದುಬಾರಿಯಾಯಿತು. ದೊಡ್ಡ ಮನೆಗಳು ಕೋಣೆ ಕೋಣೆಯಾಗಿ ಬಾಡಿಗೆಗೆ ಹೋಗತೊಡಗಿದವು. ಗುಮಾಸ್ತರು, ಟೈಪಿಸ್ಟರು, ವಿದ್ಯಾರ್ಥಿಗಳು, ವಸಾಹತುಗಳಿಂದ ಬಂದವರು ಹೀಗೆ ಒಂದು ಸಂಸಾರದ ಮನೆಯಲ್ಲಿ ಹಲವು ಬೀಗಗಳು ಬಂದವು. ಅಂಬೇಡ್ಕರ್ ಅವರಿಗೆ ಕೋಣೆ ಸಿಕ್ಕಿದ್ದು ಇಂಥ ಲಂಡನ್ನಿನಲ್ಲಿ.

ಆ ಕೋಣೆಯ ಬೆಲೆ ತಿಳಿಯಬೇಕಾದರೆ ಅದಕ್ಕೆ ಹಿಂದಿನ ಒಂದು ಮಹಡಿಯನ್ನು ನೋಡಬೇಕು. ಬರೋಡಾ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ ಕೊಲಂಬಿಯಾದಲ್ಲಿ 1913ರಿಂದ 1916ರ ತನಕ ಓದಿ, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಮತ್ತು ಗ್ರೇಸ್ ಇನ್ ಸೇರಿ, ವೇತನದ ಅವಧಿ ಮುಗಿದದ್ದರಿಂದ ಓದನ್ನು ಅರ್ಧಕ್ಕೆ ಬಿಟ್ಟು ಅವರು 1917ರಲ್ಲಿ ಬರೋಡಾಕ್ಕೆ ಕೆಲಸಕ್ಕೆ ಬಂದರು. ಇರಲು ಮನೆ ಇಲ್ಲ. ಹಿಂದೂಗಳ ವಸತಿಗೃಹ ಬಿಟ್ಟುಕೊಳ್ಳುವುದಿಲ್ಲ. ಕೊನೆಗೆ ಪಾರ್ಸಿಗಳ ಒಂದು ವಸತಿಗೃಹದಲ್ಲಿ, ಮೇಲ್ವಿಚಾರಕನ ಒಪ್ಪಿಗೆಯ ಮೇಲೆಯೇ, ಪಾರ್ಸಿ ಹೆಸರು ಬರೆಸಿ ಉಳಿದರು. ದಿನಕ್ಕೆ ಒಂದೂವರೆ ರೂಪಾಯಿ. ಮಹಡಿಯ ಮೇಲೆ ಹಳೆಯ ಸಾಮಾನು ತುಂಬಿದ ದೊಡ್ಡ ಹಾಲ್, ರಾತ್ರಿಗೆ ಒಂದು ಸಣ್ಣ ಲಾಟೀನು. ಹನ್ನೊಂದನೆಯ ದಿನ ಹನ್ನೆರಡು ಜನ ಪಾರ್ಸಿಗಳು ಕೋಲು ಹಿಡಿದು ಮೆಟ್ಟಿಲು ಹತ್ತಿ ಬಂದರು. ಸಂಜೆಯೊಳಗೆ ಖಾಲಿ ಮಾಡು ಅಂದರು. ಸ್ನೇಹಿತರ ಮನೆಗಳಲ್ಲೂ ಜಾಗ ಸಿಗಲಿಲ್ಲ. ಸಾರ್ವಜನಿಕ ತೋಟವೊಂದರಲ್ಲಿ ಕೂತು ಹೊತ್ತು ಕಳೆದು ರಾತ್ರಿ ರೈಲಿಗೆ ಮುಂಬೈಗೆ ಹೋದರು. ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಅವರ ಆತ್ಮಕಥನದ ತುಣುಕಿನಲ್ಲಿ ಇದೆಲ್ಲ ಇದೆ. ಕೊಲಂಬಿಯಾದಲ್ಲಿ ಕಲಿತು ಬಂದಿದ್ದ, ಬರೋಡಾ ಸಂಸ್ಥಾನದ ಅಧಿಕಾರಿಯಾಗಿದ್ದ ಮನುಷ್ಯನ ಪಾಡು ಅದು.

ಅದಾದ ಮೇಲೆ 1918ರಿಂದ 1920ರ ತನಕ ಮುಂಬೈನ ಸಿಡ್ನಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಅಲ್ಲಿಯೂ ಅಧ್ಯಾಪಕರ ಕೋಣೆಯ ನೀರಿನ ಮಡಕೆ ಮುಟ್ಟಿದ್ದಕ್ಕೆ ಸಹೋದ್ಯೋಗಿಗಳಲ್ಲಿ ಕೆಲವರು ತಕರಾರು ತೆಗೆದರು ಎಂದು ಜೀವನಚರಿತ್ರೆಕಾರ ಧನಂಜಯ ಕೀರ್ ದಾಖಲಿಸಿದ್ದಾರೆ. ಸಂಬಳದಲ್ಲಿ ಉಳಿಸಿದ ಹಣ, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಸ್ನೇಹಿತ ನವಲ್ ಭಾಥೇನಾ ಕೊಟ್ಟ 5000 ರೂಪಾಯಿ ಸಾಲ ಇಷ್ಟನ್ನು ಕಟ್ಟಿಕೊಂಡು ಮತ್ತೆ ಲಂಡನ್ನಿಗೆ ಹೋದರು. ಭಾಥೇನಾ ಕೂಡ ಪಾರ್ಸಿಯೇ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಕೋಲು ಹಿಡಿದು ಬಂದವರ ಕತೆ ಹೇಳುವಾಗ ಸಾಲ ಕೊಟ್ಟವನನ್ನು ಮರೆಯುವುದು ಚರಿತ್ರೆಯಲ್ಲ.

5

ಲಂಡನ್ನಿನಲ್ಲಿ ಅವರ ದಿನಚರಿ ಏನಿತ್ತು? ಕೀರ್ ಬರೆಯುವ ಪ್ರಕಾರ ಮನೆಯೊಡತಿ ಬಲು ಬಿಗಿ ಹೆಂಗಸು. ಬೆಳಗ್ಗೆ ಒಂದು ಚೂರು ಮೀನು, ಜಾಮ್ ಹಚ್ಚಿದ ಬ್ರೆಡ್ಡು, ಒಂದು ಕಪ್ ಟೀ. ಅದಾದ ಮೇಲೆ ಬ್ರಿಟಿಷ್ ಮ್ಯೂಸಿಯಮ್ಮಿನ ಓದುವ ಕೋಣೆ. ಸಂಜೆ ಬಾಗಿಲು ಹಾಕುವ ತನಕ ಅಲ್ಲೇ. ರಾತ್ರಿ ಒಂದು ಕಪ್ ಬೋವ್ರಿಲ್, ಅಂದರೆ ದನದ ಮಾಂಸದ ಸಾರ, ಜೊತೆಗೆ ಬಿಸ್ಕತ್ತು. ಹೊಟ್ಟೆ ಚುರುಗುಟ್ಟಿದಾಗ ಪರಿಚಯದವರು ಕೊಟ್ಟಿದ್ದ ಹಪ್ಪಳ ಸುಟ್ಟುಕೊಂಡು ತಿನ್ನುವುದು. ಮತ್ತೆ ಬೆಳಗಿನ ಜಾವದ ತನಕ ಓದು.

ಆ ಹಸಿವಿಗೂ ಅವರ ಓದಿಗೂ ಇದ್ದ ಸಂಬಂಧವನ್ನು ನಮ್ಮ ವಿಮರ್ಶೆ ಸರಿಯಾಗಿ ಗಮನಿಸಿಲ್ಲ ಅಂತ ನನ್ನ ಭಾವನೆ. ಲೆಕ್ಕ ನೋಡಿ. 1920ರ ಫೆಬ್ರುವರಿಯಲ್ಲಿ ಸರ್ಕಾರ ಒಂದು ರೂಪಾಯಿಗೆ ಎರಡು ಶಿಲಿಂಗ್ ಎಂದು ದರ ಗೊತ್ತುಮಾಡಿತು. ಆ ದರ ನಿಲ್ಲಲಿಲ್ಲ. 1921ರ ಹೊತ್ತಿಗೆ ರೂಪಾಯಿ ಒಂದು ಶಿಲಿಂಗ್ ನಾಲ್ಕು ಪೆನ್ಸಿನ ಆಸುಪಾಸಿಗೆ ಕುಸಿಯಿತು. ಮೊದಲ ದರದಲ್ಲಿ 5000 ರೂಪಾಯಿಗೆ 500 ಪೌಂಡ್. ಎರಡನೆಯ ದರದಲ್ಲಿ ಸುಮಾರು 333 ಪೌಂಡ್. ಬಾಡಿಗೆ, ಫೀಸು, ಊಟ ಎಲ್ಲ ಪೌಂಡಿನಲ್ಲಿ. ರೂಪಾಯಿ ಲೆಕ್ಕದಲ್ಲಿ ಹಣ ಹೊಂದಿಸಿಕೊಂಡು ಹೋದವನ ತಟ್ಟೆಯಿಂದ ಮೂರರಲ್ಲಿ ಒಂದು ಪಾಲು ಹೀಗೆ ಯಾರೂ ಮುಟ್ಟದೆಯೇ ಮಾಯವಾಯಿತು. ಲಂಡನ್ನಿನಿಂದ ಅವರು ಶಾಹು ಮಹಾರಾಜರಿಗೆ 200 ಪೌಂಡ್ ಸಾಲ ಕೇಳಿ ಕಾಗದ ಬರೆಯಬೇಕಾಯಿತು.

ಅದೇ ಕಾಲದಲ್ಲಿ ಅವರು ಬರೆಯುತ್ತಿದ್ದ ಪ್ರಬಂಧದ ಹೆಸರು ‘ದಿ ಪ್ರಾಬ್ಲಮ್ ಆಫ್ ದಿ ರುಪೀ’. ರೂಪಾಯಿಯ ದರವನ್ನು ಸಾಮ್ರಾಜ್ಯದ ಅಧಿಕಾರಿಗಳು ತಮಗೆ ಬೇಕಾದ ಹಾಗೆ ಏರಿಳಿಸುವ ವ್ಯವಸ್ಥೆಯನ್ನೇ ಅದು ಪ್ರಶ್ನಿಸಿತು. ಆ ವ್ಯವಸ್ಥೆಯನ್ನು ಸಮರ್ಥಿಸಿದ್ದ ಕೇನ್ಸ್‌ನಂಥ ಪಂಡಿತನೊಡನೆ ವಾದಕ್ಕಿಳಿಯಿತು. 1921ರಲ್ಲಿ ಎಂ.ಎಸ್‌ಸಿ. ಆಯಿತು. 1922ರಲ್ಲಿ ಬ್ಯಾರಿಸ್ಟರ್ ಪದವಿ. ಅದೇ ವರ್ಷ ಡಿ.ಎಸ್‌ಸಿ.ಗೆ ಪ್ರಬಂಧ ಕೊಟ್ಟರು. ಪರೀಕ್ಷಕರು ಅದನ್ನು ತಿದ್ದಿ ಕೊಡಲು ಹೇಳಿದರು. ಕೈಯಲ್ಲಿ ಹಣ ಮುಗಿದಿತ್ತು. 1923ರ ಏಪ್ರಿಲಿನಲ್ಲಿ ಮುಂಬೈಗೆ ಬಂದು ಅಲ್ಲಿಂದಲೇ ತಿದ್ದಿ ಕಳಿಸಿದರು. ಆ ವರ್ಷವೇ ಪದವಿಯೂ ಬಂತು, ಪುಸ್ತಕವೂ ಬಂತು. ಗುರು ಎಡ್ವಿನ್ ಕ್ಯಾನನ್ ಮುನ್ನುಡಿ ಬರೆದರು, ಎಲ್ಲ ಒಪ್ಪುವುದಿಲ್ಲ ಅಂತ ಹೇಳಿಯೇ ಬರೆದರು. ಅಂಬೇಡ್ಕರ್ ಅಂದರೆ ಜಾತಿ, ರೂಪಾಯಿ ಅಂದರೆ ಬೇರೆ ವಿದ್ವಾಂಸರ ವಿಷಯ ಎಂದು ಹಂಚಿಕೊಟ್ಟಿರುವ ನಮ್ಮ ಪಠ್ಯಕ್ರಮಗಳಿಗೆ ಈ ಬಾಡಿಗೆ ಕೋಣೆಯ ಚರಿತ್ರೆ ಗೊತ್ತಿಲ್ಲ. ಯಜಮಾನನ ಊರಿನಲ್ಲಿ, ಯಜಮಾನನ ಗ್ರಂಥಾಲಯದಲ್ಲಿ ಕೂತು ಯಜಮಾನನ ಲೆಕ್ಕದ ಪುಸ್ತಕವನ್ನೇ ತಪಾಸಣೆ ಮಾಡಿದ ಬಾಡಿಗೆದಾರ ಅವರು.

ಆದರೆ ಆ ಕೋಣೆಗೆ ಇನ್ನೊಂದು ಕೋಣೆ ಅಂಟಿಕೊಂಡಿದೆ. ಅದನ್ನು ಬಿಟ್ಟರೆ ನಾನೂ ವಂಶಾವಳಿ ಬರೆದಂತೆಯೇ ಆಗುತ್ತದೆ. ಮುಂಬೈನ ಪರೇಲಿನಲ್ಲಿ ಬಿ.ಐ.ಟಿ. ಚಾಳ್ ಅಂತ ಇದೆ. ಬಿ.ಐ.ಟಿ. ಅಂದರೆ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್. 1896ರ ಪ್ಲೇಗಿನ ನಂತರ 1898ರಲ್ಲಿ, ಅದೇ ವಿಕ್ಟೋರಿಯಾ ರಾಣಿಯ ಆಳಿಕೆಯಲ್ಲಿ, ಹುಟ್ಟಿದ ಸಂಸ್ಥೆ ಅದು. ಆ ಚಾಳಿನ ಎರಡು ಪುಟ್ಟ ಕೋಣೆಗಳಲ್ಲಿ ರಮಾಬಾಯಿ ಸಂಸಾರ ಹಿಡಿದುಕೊಂಡಿದ್ದರು. ಗಂಡನ ಸಂಪಾದನೆ ನಿಂತಿದೆ, ಕೈಯಲ್ಲಿ ಮಗು, ಮನೆ ತುಂಬ ಉಣ್ಣುವ ಬಾಯಿ. ಆ ತಾಯಿ ಹೆತ್ತ ಐದು ಮಕ್ಕಳಲ್ಲಿ ನಾಲ್ಕು ಎಳವೆಯಲ್ಲೇ ಹೋದವು. 1935ರ ಮೇ 27ರಂದು ತಾವೂ ಹೋದರು. ಕಿಂಗ್ ಹೆನ್ರೀಸ್ ರಸ್ತೆಯ ಬಾಡಿಗೆಯಲ್ಲಿ ಒಂದು ಪಾಲನ್ನು ಕೊಟ್ಟವರು ಪರೇಲಿನ ಈ ಹೆಂಗಸು, ಹಣದಲ್ಲಲ್ಲ, ಊಟದಲ್ಲಿ. ಲಂಡನ್ನಿನ ಮನೆಯ ಚರಿತ್ರೆ ಬರೆಯುವವರು ಚಾಳಿನ ಚರಿತ್ರೆಯನ್ನೂ ಅದೇ ಪುಟದಲ್ಲಿ ಬರೆಯಬೇಕು.

6

ಲಂಡನ್ನಿನ ಆ ಮನೆಯೊಡತಿ ಜಾತಿ ಕೇಳಲಿಲ್ಲ. ಇದನ್ನು ಹಿಡಿದು ಇಂಗ್ಲಿಷರ ಔದಾರ್ಯದ ಹಾಡು ಹಾಡುವವರು ನಮ್ಮಲ್ಲೂ ಇದ್ದಾರೆ. ನಾನು ಹಾಡಲಾರೆ. ಅವಳಿಗೆ ಬೇಕಾದದ್ದು ವಾರದ ಬಾಡಿಗೆ. ಅವಳ ಸರ್ಕಾರಕ್ಕೆ ಬೇಕಾದದ್ದು ಇಡೀ ದೇಶದ ಬಾಡಿಗೆ. ಆದರೂ ಒಂದು ಮಾತು ಉಳಿಯುತ್ತದೆ. ಹಣದ ಸಂಬಂಧ ಎಷ್ಟೇ ಒಣಕಲಾಗಿರಲಿ, ಅದು ಹೆಸರು ಬದಲಿಸು ಅನ್ನಲಿಲ್ಲ. ಬರೋಡಾದಲ್ಲಿ ಅದೇ ಮನುಷ್ಯ ಬಾಡಿಗೆ ಕೊಡಲು ಸಿದ್ಧರಿದ್ದರು, ಕೊಟ್ಟರು ಕೂಡ. ಹಣ ನಡೆಯಿತು, ಮನುಷ್ಯ ನಡೆಯಲಿಲ್ಲ. ಮಾರುಕಟ್ಟೆ ಬಂದರೆ ಜಾತಿ ತಾನಾಗಿ ಹೋಗುತ್ತದೆ ಅನ್ನುವವರು ಬರೋಡಾದ ಆ ರಸೀತಿಯನ್ನು ಒಂದು ಸಲ ನೋಡಬೇಕು.

ಇದು ಹಳೆಯ ಕತೆಯೇನೂ ಅಲ್ಲ. ನಾನು ಕೆಲಸಕ್ಕೆಂದು ಪಟ್ಟಣಕ್ಕೆ ಬಂದಾಗ ‘ಬಾಡಿಗೆಗೆ ಇದೆ’ ಬೋರ್ಡು ನೋಡಿಕೊಂಡು ಬೀದಿ ಬೀದಿ ತಿರುಗಿದ್ದೇನೆ. ಯಾರೂ ನೇರವಾಗಿ ಜಾತಿ ಕೇಳುವುದಿಲ್ಲ. ಅಷ್ಟು ನಾಗರಿಕರಾಗಿದ್ದೇವೆ. ‘ಯಾವೂರು? ಊರಲ್ಲಿ ನಿಮ್ಮ ಮನೆ ಯಾವ ಬೀದಿ? ನೀವು ಯಾವ ದೇವರಿಗೆ ನಡ್ಕೊಳ್ತೀರಿ? ಮನೇಲಿ ಅಡುಗೆ ಹ್ಯಾಗೆ?’ ಈ ನಾಲ್ಕು ಪ್ರಶ್ನೆಗೆ ಉತ್ತರ ಕೊಡುವಷ್ಟರಲ್ಲಿ ನಮ್ಮ ಇಡೀ ಕುಲಗೋತ್ರ ಅವರ ಕೈಗೆ ಸಿಕ್ಕಿರುತ್ತದೆ. ಒಂದು ಕಡೆ ಅಡ್ವಾನ್ಸು ಕೂಡ ಎಣಿಸಿ ಇಟ್ಟಿದ್ದೆ. ಮಾರನೆಯ ದಿನ ಹೋದರೆ ಆ ಮನೆಯ ಅಮ್ಮ ಗೇಟಿನ ಒಳಗಿನಿಂದಲೇ, ‘ನಮ್ಮ ಯಜಮಾನ್ರು ಬೇರೆಯವರಿಗೆ ಮಾತು ಕೊಟ್ಬಿಟ್ಟಿದಾರಂತೆ ಕಣಪ್ಪ’ ಅಂದರು. ಹಣವನ್ನು ಕಾಂಪೌಂಡ್ ಗೋಡೆಯ ಮೇಲಿಟ್ಟರು, ನಾನು ತಗೊಂಡೆ. ಮೂರು ತಿಂಗಳು ಆ ಬೋರ್ಡು ಹಾಗೇ ನೇತಾಡುತ್ತಿತ್ತು. ನನ್ನ ಗೆಳೆಯರಲ್ಲಿ ಇಬ್ಬರು ಹೆಸರಿನ ಮುಂದೆ ಬೇರೆಯವರ ಅಡ್ಡಹೆಸರು ಹಚ್ಚಿಕೊಂಡು ಮನೆ ಹಿಡಿದರು. ನಾನು ಅವರನ್ನು ಹೀಯಾಳಿಸಲಾರೆ. ಬರೋಡಾದ ಆ ಹನ್ನೊಂದು ದಿನಗಳ ರಿಜಿಸ್ಟರು ಇನ್ನೂ ಮುಚ್ಚಿಲ್ಲ.

7

ಇನ್ನು ಆ ಮನೆಯ ಇತ್ತೀಚಿನ ಚರಿತ್ರೆ. 1991ರಲ್ಲಿ, ಅಂಬೇಡ್ಕರ್ ಅವರ ಜನ್ಮಶತಾಬ್ದಿಯ ವರ್ಷ, ಬ್ರಿಟನ್ನಿನಲ್ಲಿದ್ದ ಅವರ ಅನುಯಾಯಿಗಳು ಅಲ್ಲೊಂದು ಫಲಕ ಹಾಕಿಸಿದರು. ಈ ಅನುಯಾಯಿಗಳಲ್ಲಿ ಬಹಳ ಮಂದಿ ಪಂಜಾಬಿನಿಂದ ಬಂದು ಅಲ್ಲಿನ ಕಾರ್ಖಾನೆಗಳಲ್ಲಿ ದುಡಿದವರ ಪೈಕಿ. ಮನೆ ಮಾರಾಟಕ್ಕೆ ಬಂದಾಗ ಅದನ್ನು ಉಳಿಸಿಕೊಳ್ಳಬೇಕು ಅಂತ ಮೊದಲು ಎದ್ದ ದನಿಯೂ ಅಲ್ಲಿನ ಅಂಬೇಡ್ಕರ್‌ವಾದಿ ಮತ್ತು ಬೌದ್ಧ ಸಂಘಟನೆಗಳ ಒಕ್ಕೂಟದ್ದೇ. 2015ರಲ್ಲಿ ಮಹಾರಾಷ್ಟ್ರ ಸರ್ಕಾರ 30 ಲಕ್ಷ ಪೌಂಡಿಗೂ ಹೆಚ್ಚು ಕೊಟ್ಟು ಮನೆ ಕೊಂಡಿತು. ಆ ವರ್ಷದ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಸ್ಮಾರಕವನ್ನು ಉದ್ಘಾಟಿಸಿದರು. ಉದ್ಘಾಟನೆಯ ಕಲ್ಲಿನಲ್ಲಿ ಸರ್ಕಾರಗಳ ಹೆಸರು ದೊಡ್ಡದಾಗುವುದು ಎಲ್ಲ ಕಾಲದಲ್ಲೂ ಇದ್ದದ್ದೇ. ಕೇಳಿದವರು ಯಾರು ಅನ್ನುವುದನ್ನು ನಾವಾದರೂ ಬರೆದಿಟ್ಟುಕೊಳ್ಳಬೇಕು.

ತಕರಾರು ಆಮೇಲೆ ಎದ್ದಿತು. ವಾಸದ ಮನೆಯನ್ನು ವಸ್ತುಸಂಗ್ರಹಾಲಯ ಮಾಡಲು ಅಲ್ಲಿನ ಕ್ಯಾಮ್ಡೆನ್ ನಗರಾಡಳಿತದ ಪರವಾನಗಿ ಬೇಕು. ಅದಕ್ಕೆ 2018ರಲ್ಲಿ ಅರ್ಜಿ ಹಾಕಿದರು. ನೆರೆಯ ಇಬ್ಬರು ನಿವಾಸಿಗಳು ಜನಸಂದಣಿ, ಗದ್ದಲ ಅಂತ ಆಕ್ಷೇಪಿಸಿದರು. 2018ರ ಅಕ್ಟೋಬರಿನಲ್ಲಿ ನಗರಾಡಳಿತ ಅರ್ಜಿಯನ್ನು ತಳ್ಳಿಹಾಕಿತು. ಅದು ಕೊಟ್ಟ ಕಾರಣ, ವಾಸಕ್ಕೆ ಬಳಕೆಯಾಗುವ ಜಾಗ ನಷ್ಟವಾಗುತ್ತದೆ ಎಂಬುದು. ಮೇಲ್ಮನವಿ ಹೋಯಿತು. 2019ರ ಸೆಪ್ಟೆಂಬರಿನಲ್ಲಿ ವಿಚಾರಣೆ ನಡೆಯಿತು. 2020ರ ಮಾರ್ಚಿನಲ್ಲಿ ಬ್ರಿಟನ್ನಿನ ಸಚಿವ ರಾಬರ್ಟ್ ಜೆನ್ರಿಕ್ ಅನುಮತಿ ಕೊಟ್ಟರು.

ಈ ಪ್ರಕರಣ ಬಂದಾಗ ನಮ್ಮ ಕಡೆ ಕೆಲವರು ‘ಲಂಡನ್ನಿನಲ್ಲೂ ಅಸ್ಪೃಶ್ಯತೆ’ ಅಂತ ಕೂಗಿದರು. ಅದು ಬೇಕಾಗಿರಲಿಲ್ಲ. ಮನೆಗಳ ಅಭಾವವಿರುವ ಊರಿನಲ್ಲಿ ಒಂದು ವಾಸದ ಮನೆ ಕಮ್ಮಿಯಾಗುತ್ತದೆ ಅನ್ನುವುದು ತಳ್ಳಿಹಾಕುವ ವಾದವಲ್ಲ. ಬಾಡಿಗೆ ಕೋಣೆಗಾಗಿ ಅಲೆದವರಿಗೆ ಅದು ಅರ್ಥವಾಗಬೇಕು. ನನ್ನ ಪ್ರಶ್ನೆ ಬೇರೆ. ಕೋಣೆ ಸಿಕ್ಕಿದ್ದರಿಂದ ಏನು ಸಾಧ್ಯವಾಯಿತು ಅನ್ನುವುದನ್ನು ತೋರಿಸುವ ಮನೆಯೂ ಒಂದು ರೀತಿಯಲ್ಲಿ ವಾಸದ ವಾದವನ್ನೇ ಹೇಳುತ್ತದಲ್ಲ? ಆದರೆ ಆ ಮಾತು ಹೇಳಬೇಕಾದರೆ ಸ್ಮಾರಕ ಗುಡಿಯಾಗಬಾರದು. ಮಂಚ, ಕನ್ನಡಕ, ಹಾರ, ಪಟ ಇಟ್ಟು ಕೈಮುಗಿಸಿ ಕಳಿಸಿದರೆ ಮನೆ ಮತ್ತೆ ಮೂಕವಾಗುತ್ತದೆ. ಬರೋಡಾದ ಲಾಟೀನು, ಪರೇಲಿನ ಚಾಳು, ರೂಪಾಯಿಯ ದರಪಟ್ಟಿ, ಇದ್ದಲು ಹೊತ್ತ ಹುಡುಗಿ ಎಲ್ಲರೂ ಅಲ್ಲಿ ಇರಬೇಕು.

ಮನೆ ಸಿಕ್ಕ ಮಾತ್ರಕ್ಕೆ ಮುಗಿಯಿತು ಅಂತಲೂ ಇಲ್ಲ. 1930ರ ದಶಕದ ಮೊದಲ ವರ್ಷಗಳಲ್ಲಿ ಅಂಬೇಡ್ಕರ್ ಮುಂಬೈನ ದಾದರಿನಲ್ಲಿ ‘ರಾಜಗೃಹ’ ಕಟ್ಟಿಸಿದರು. ಮನೆ ಅನ್ನುವುದಕ್ಕಿಂತ ಪುಸ್ತಕಗಳಿಗೆ ಒಂದು ಸೂರು ಅನ್ನಬಹುದು. ಅದೇ ರಾಜಗೃಹದ ಅಂಗಳಕ್ಕೆ 2020ರ ಜುಲೈ 7ರಂದು ನುಗ್ಗಿ ಹೂಕುಂಡ, ಕ್ಯಾಮೆರಾ ಒಡೆದುಹಾಕಿದರು. ನಮ್ಮಲ್ಲೇ 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೇ ಸುಟ್ಟರು. ಬಾಗಿಲು ಅನ್ನುವುದು ನಮಗೆ ಒಳಗೆ ಹೋಗಲಿಕ್ಕೂ ಕಷ್ಟ, ಹೊರಗೆ ಬರಲಿಕ್ಕೂ ಕಷ್ಟ.

8

ಹಾಗಾದರೆ ಈ ವಿಕ್ಟೋರಿಯಾ ಕಾಲದ ಮನೆಯಿಂದ ಕನ್ನಡದ ದಲಿತ ವಿಮರ್ಶೆಗೆ ಏನು ಸಿಕ್ಕೀತು? ನನಗೆ ಕಾಣುವುದು ಇಷ್ಟು. ನಾವು ಈ ತನಕ ಕೇರಿ ಮತ್ತು ಊರು, ಒಳಗು ಮತ್ತು ಹೊರಗು ಎಂಬ ಜೋಡಿಯಲ್ಲಿ ಬಹಳ ಓದಿದ್ದೇವೆ. ಓದಬೇಕಾದದ್ದೇ. ಆದರೆ ಎರಡರ ನಡುವೆ ಒಂದು ಮೂರನೆಯ ಜಾಗ ಇದೆ. ಅದು ನಮ್ಮದೂ ಅಲ್ಲ, ಅವರದೂ ಅಲ್ಲ. ಸ್ವಲ್ಪ ಕಾಲಕ್ಕೆ ಸಿಕ್ಕ, ಕೂತು ಓದಲು ಬರುವ ಒಂದು ಕೋಣೆ.

ಅಂಬೇಡ್ಕರ್ ಇದನ್ನು ಅನುಭವದಿಂದ ಕಲಿತರು ಅನ್ನುವುದಕ್ಕೆ ಅವರು ಲಂಡನ್ನಿನಿಂದ ಬಂದ ಮೇಲೆ ಮಾಡಿದ ಕೆಲಸವೇ ಸಾಕ್ಷಿ. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. 1925ರಲ್ಲಿ ಸೊಲ್ಲಾಪುರದಲ್ಲಿ ಆ ಸಭೆಯಿಂದ ಒಂದು ಹಾಸ್ಟೆಲ್ ತೆರೆದರು. 1928ರಲ್ಲಿ ದಲಿತ ವರ್ಗಗಳ ಶಿಕ್ಷಣಕ್ಕೆಂದೇ ಒಂದು ಸಂಘ ಮಾಡಿದರು. ಮುಂಬೈ ಪ್ರಾಂತ್ಯದಲ್ಲಿ ಆ ಸಂಘ ನಡೆಸಿದ ಹಾಸ್ಟೆಲ್‌ಗಳಲ್ಲಿ ಒಂದು ನಮ್ಮ ಧಾರವಾಡದಲ್ಲಿತ್ತು. ಪಾರ್ಸಿ ಹೆಸರು ಬರೆಸದೆ, ಮನೆಯೊಡತಿಯ ಬೋವ್ರಿಲ್ಲಿಗೆ ಕಾಯದೆ ಹುಡುಗರು ಇರಬಹುದಾದ ಕೋಣೆ. ಮೆಟ್ಟಿಲಿಲ್ಲದ ಗೋಪುರಕ್ಕೆ ಅವರು ಹೊರಗಿನಿಂದ ಏಣಿ ಹಾಕಲು ಹೊರಟದ್ದು ಇಲ್ಲಿಂದ.

ಕನ್ನಡದಲ್ಲಿ ಬರೆದ ದಲಿತರಲ್ಲಿ ಬಹಳ ಜನ ಇಂಥ ಹಾಸ್ಟೆಲ್ ಕೋಣೆಗಳಿಂದ ಬಂದವರು. ನಮ್ಮ ಕವಿತೆಗಳ ಸಿಟ್ಟಿನ ಬಗ್ಗೆ, ಭಾಷೆಯ ಬಗ್ಗೆ ಸೆಮಿನಾರುಗಳಾಗಿವೆ. ಆ ಸಿಟ್ಟು ಯಾವ ಕೋಣೆಯಲ್ಲಿ ಕೂತು ಅಕ್ಷರವಾಯಿತು ಅಂತ ಕೇಳಿದವರು ಕಡಿಮೆ. ವಾಡೆಗಳಿಗೆ, ಗುತ್ತಿನ ಮನೆಗಳಿಗೆ ಗ್ರಂಥಗಳಿವೆ. ಹಾಗೆಯೇ ಒಂದೊಂದು ಜಿಲ್ಲೆಯ ಒಂದೊಂದು ಹಾಸ್ಟೆಲಿಗೂ ಚರಿತ್ರೆ ಬರೆಯುವ ಕೆಲಸ ಶುರುವಾಗಲಿ. ಕಟ್ಟಡದ ಜಾಗ ಯಾರದಿತ್ತು? ಊರವರು ವಿರೋಧಿಸಿದರೇ? ಒಂದು ಕೋಣೆಯಲ್ಲಿ ಎಷ್ಟು ಟ್ರಂಕುಗಳಿದ್ದವು? ಅಡುಗೆ ಮಾಡುತ್ತಿದ್ದವರು ಯಾರು, ಅವರಿಗೆ ಸಂಬಳ ಬರುತ್ತಿತ್ತೇ? ದೀಪ ಎಷ್ಟು ಹೊತ್ತಿಗೆ ಆರಿಸುತ್ತಿದ್ದರು? ಹೆಣ್ಣುಮಕ್ಕಳಿಗೆ ಅಂಥದೊಂದು ಕೋಣೆ ಎಷ್ಟು ವರ್ಷ ತಡವಾಗಿ ಬಂತು? ಆ ಕಾಲದ ಹಾಜರಿ ಪುಸ್ತಕಗಳು ಇನ್ನೂ ಎಲ್ಲಾದರೂ ಬೀರುವಿನಲ್ಲಿ ಇರಬಹುದು. ಅಡುಗೆ ಮಾಡಿದವರಲ್ಲಿ ಕೆಲವರು ಇನ್ನೂ ಬದುಕಿದ್ದಾರೆ. ಗೆದ್ದಲು ಹಿಡಿಯುವ ಮುಂಚೆ, ಅವರು ತೀರಿಹೋಗುವ ಮುಂಚೆ ಹೋಗಿ ಕೇಳಬೇಕು.